ಜೋಕಿಂ ಮಾಮ ಹೊರಟ ತಿಂಗಳು

ಕಳೆದ ಚಳಿಗಾಲದ ಒಂದು ಶುಕ್ರವಾರ ಮಧ್ಯಾಹ್ನ, ಬಹ್ರೇನಿನ ಗುಫೂಲ್‌ನಲ್ಲಿರುವ ಮಗಳ ಮನೆಯ ಊಟದ ಮೇಜಿನಲ್ಲಿ ನನ್ನ ಅಳಿಯ ಒಂದು ಬಾಟಲಿಯ ಮುಚ್ಚಳ ತಿರುಗಿಸಿದ. ದಕ್ಷಿಣ ಅಮೆರಿಕದಲ್ಲಿ ಕಬ್ಬಿನಿಂದ ಇಳಿಸಿ ಸೋಂಪು ಸೇರಿಸಿದ ಮದ್ಯವಂತೆ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕುತೂಹಲಕ್ಕೆಂದು ಕೊಂಡು ತಂದಿದ್ದ. ಅವನು ಲೋಟಕ್ಕೆ ಬಗ್ಗಿಸುವ ಮೊದಲೇ ವಾಸನೆ ಮೇಜನ್ನು ದಾಟಿ ನನ್ನ ಬಳಿಗೆ ಬಂತು. ಸಿಹಿಯೂ ಖಾರವೂ ಅಲ್ಲದ, ಮೂಗಿನ ಬುಡದಲ್ಲಿ ತಣ್ಣಗೆ ಕುಳಿತುಬಿಡುವ ವಾಸನೆ. "ಇದು ನಮ್ಮ ಮನೆಯ ರಂಜಾನ್ ಶರಬತ್ತು" ಎಂದೆ. ಮರುಕ್ಷಣವೇ ತಿದ್ದಿಕೊಂಡು, "ಅಲ್ಲ, ಜೋಕಿಂ ಮಾಮನ ಸಾರಾಯಿ" ಎಂದೆ. ಒಂದೇ ವಾಸನೆಗೆ ನನ್ನ ನಾಲಿಗೆ ಎರಡು ಹೆಸರು ಕೊಟ್ಟಿತ್ತು. ಹಾಗೇಕೆ ಎಂದು ಯೋಚಿಸತೊಡಗಿದೆ.

ಮಗಳು ಆ ದಿನಗಳಲ್ಲಿ ನಮ್ಮ ಕುಟುಂಬದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಅವಳು ತಲೆಯೆತ್ತಿ, "ಜೋಕಿಂ ಮಾಮ ಅಂದ್ರೆ ಅಜ್ಜಿಯ ತಮ್ಮ ಅಲ್ವಾ ಪಪ್ಪಾ? ಅವರು ಬಹ್ರೇನ್ ಬಿಟ್ಟದ್ದು ಯಾವಾಗ?" ಎಂದು ಕೇಳಿದಳು. "ಅಡ್ವೆಂಟಿಗೆ ಮುಂಚೆ, ನವೆಂಬರಿನಲ್ಲಿ" ಎಂದೆ. ಅದು ನನ್ನ ತಾಯಿಯ ಉತ್ತರ. ಕ್ರಿಸ್ಮಸ್ಸಿಗೆ ನಾಲ್ಕು ವಾರವಿರುವಾಗ ಶುರುವಾಗುವ ಆ ವ್ರತದ ಕಾಲಕ್ಕೆ ಮೊದಲೇ ತಮ್ಮ ಊರಿಗೆ ಹೋದ ಎಂದು ಆಕೆ ಸಾಯುವವರೆಗೂ ಹೇಳುತ್ತಿದ್ದಳು. ಕೊಲ್ಲಿಯ ಬಂದರುಗಳ ಹಳೆಯ ಹಡಗುಪಟ್ಟಿಗಳನ್ನು ಒಂದರೊಡನೊಂದು ಹೋಲಿಸುವುದು ನನ್ನ ಉದ್ಯೋಗವಾಗಿತ್ತು; ಎರಡು ಸಾಕ್ಷಿಯಿಲ್ಲದೆ ಒಂದು ತಾರೀಖನ್ನೂ ಬರೆದವನಲ್ಲ. ಸ್ವಂತ ಮನೆಯ ತಾರೀಖುಗಳನ್ನು ಮಾತ್ರ ತಾಯಿಯ ಬಾಯಿಂದ ಬಂದಂತೆಯೇ ಒಪ್ಪಿಕೊಂಡಿದ್ದೆ. ಆ ಮಧ್ಯಾಹ್ನ ಮೊದಲ ಬಾರಿಗೆ ಅದನ್ನು ಪರೀಕ್ಷಿಸಬೇಕೆನಿಸಿತು. ಏಕೆಂದರೆ ಆ ವಾಸನೆಯೊಡನೆ ಎರಡು ಜಗ್ಗುಗಳು ನೆನಪಾಗಿದ್ದವು. ಮಾಮ ನಿಜಕ್ಕೂ ನವೆಂಬರಿನಲ್ಲಿ ಹೋಗಿದ್ದರೆ ಆ ಜಗ್ಗುಗಳಿಗೂ ಅವನ ಹೋಗುವಿಕೆಗೂ ಸಂಬಂಧವಿರಲಿಲ್ಲ. ಕ್ರಿಸ್ಮಸ್ಸಿನ ನಂತರ ಹೋಗಿದ್ದರೆ, ಅವನನ್ನು ಈ ದ್ವೀಪದಿಂದ ಕಳಿಸಿದವನು ನಾನೇ.

ಆಗ ಗುಫೂಲ್ ಇಂದಿನಂತೆ ಅಪಾರ್ಟ್‌ಮೆಂಟುಗಳ ಕಾಡಾಗಿರಲಿಲ್ಲ. ಖರ್ಜೂರದ ತೋಟಗಳ ಅಂಚಿನಲ್ಲಿ, ಸುಣ್ಣ ಬಳಿದ ತಗ್ಗು ಗೋಡೆಗಳ ಮನೆಗಳಿದ್ದವು. ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ, ನಡುವೆ ಮರಳುಮಣ್ಣಿನ ಅಂಗಳ. ತಂದೆ ಸಿತ್ರಾದ ಕಡೆ ರಿಫೈನರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದರು. ಕಂಪನಿಯ ಬಸ್ಸು ಅವರನ್ನು ಹೊತ್ತಲ್ಲದ ಹೊತ್ತಿನಲ್ಲಿ ಕರೆದೊಯ್ದು ಹೊತ್ತಲ್ಲದ ಹೊತ್ತಿನಲ್ಲಿ ತಂದು ಇಳಿಸುತ್ತಿತ್ತು. ಆದ್ದರಿಂದ ಮನೆಯಲ್ಲಿ ಕೇಳಿಬರುತ್ತಿದ್ದ ಗಂಡುದನಿ ಹೆಚ್ಚಾಗಿ ತಾಯಿಯ ತಮ್ಮನದು. ಜೋಕಿಂ ಮಾಮ ಮೀನಾ ಸಲ್ಮಾನ್ ಬಂದರಿನ ಒಂದು ವರ್ಕ್‌ಶಾಪಿನಲ್ಲಿ ಲಾಂಚುಗಳ ಎಂಜಿನು ರಿಪೇರಿ ಮಾಡುತ್ತಿದ್ದ. ಎಡಗೈಯ ತೋರುಬೆರಳಿನ ತುದಿ ಯಾವುದೋ ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ಆ ಮೊಂಡುಬೆರಳಿನಿಂದ ನನ್ನ ತಲೆ ಕುಟ್ಟಿ, "ಒಳಗೆ ಎಂತ ಉಂಟು ನೋಡುವ" ಎನ್ನುತ್ತಿದ್ದ. ಅವನ ಬಟ್ಟೆಗೆ ಡೀಸೆಲಿನ ವಾಸನೆ. ವರ್ಷಕ್ಕೆ ಒಂದೇ ಒಂದು ವಾರ ಆ ವಾಸನೆಯನ್ನು ಸೋಂಪು ಮುಚ್ಚುತ್ತಿತ್ತು.

ಅದು ಅವನು ಕ್ರಿಸ್ಮಸ್ಸಿಗೆಂದು ಸಾರಾಯಿ ಇಳಿಸುವ ವಾರ. ಕಬ್ಬಿನ ಬೆಲ್ಲ ನಮ್ಮ ಕರಾವಳಿಯಿಂದ ಹಡಗಿನಲ್ಲಿ, ಒಣಗಿದ ಎಲೆ ಸುತ್ತಿಕೊಂಡು ಬರುತ್ತಿತ್ತು. ಸೋಂಪನ್ನು ಅವನು ಮನಾಮಾದ ಹಳೆಯ ಪೇಟೆಯಾದ ಸೂಕಿನಲ್ಲಿ, "ಯಾನ್ಸೂನ್" ಎಂದು ಅರಬ್ಬಿಯಲ್ಲಿ ಕೇಳಿ, ಅಂಗೈಯಲ್ಲಿ ಉಜ್ಜಿ ಮೂಸಿ, ಮೂರು ಅಂಗಡಿ ತಿರುಗಿ ಕೊಳ್ಳುತ್ತಿದ್ದ. ಬೆಲ್ಲದ ನೀರು ಮಣ್ಣಿನ ಹರವಿಯಲ್ಲಿ ದಿನಗಟ್ಟಲೆ ಗುಳುಗುಳು ಎನ್ನುತ್ತ ಹುಳಿಯಾಗುತ್ತಿತ್ತು. ನಾನು ಅದಕ್ಕೆ ಕಿವಿಯಿಟ್ಟು ಕೇಳುತ್ತಿದ್ದೆ. ಆಮೇಲೆ ಅಂಗಳದ ಮೂಲೆಯಲ್ಲಿ ಒಲೆ, ತಾಮ್ರದ ಹಂಡೆ, ಸಂದುಗಳಿಗೆ ಮೆತ್ತಿದ ಗೋಧಿಹಿಟ್ಟು, ವರ್ಕ್‌ಶಾಪಿನಲ್ಲಿ ಅವನೇ ಬಗ್ಗಿಸಿ ತಂದ ಕೊಳವೆ. ಕೊಳವೆಯ ತುದಿಯಿಂದ ಮೊದಲ ಹನಿ ಬೀಳುವಾಗ ಅಂಗಳಕ್ಕೆ ಅಂಗಳವೇ ಘಮ್ಮೆನ್ನುತ್ತಿತ್ತು. ಮೊದಲು ಬಂದದ್ದನ್ನು ಅವನು ಮಣ್ಣಿಗೆ ಚೆಲ್ಲುತ್ತಿದ್ದ. ಇದೆಲ್ಲ ಕದ್ದುಮುಚ್ಚಿ ಮಾಡುವ ಕೆಲಸವೆಂಬುದು ನನಗೆ ಎಷ್ಟೋ ಕಾಲ ತಿಳಿದಿರಲಿಲ್ಲ. ಮನೆಯಲ್ಲಿ ಅದಕ್ಕೆ "ಔಷಧಿ" ಎಂದೇ ಹೆಸರು.

ಕುಡಿಯುವುದಕ್ಕೂ ಅವನದೊಂದು ಕ್ರಮವಿತ್ತು. ಹಾಗೇ ಬಾಯಿಗೆ ಸುರಿದುಕೊಳ್ಳುವವರನ್ನು ಕಂಡರೆ ಅವನಿಗಾಗದು. ಸಣ್ಣ ಗಾಜಿನ ಲೋಟದಲ್ಲಿ ಎರಡು ಬೆರಳು ಬಗ್ಗಿಸಿ, ಮೊದಲು ಮೂಸಬೇಕು. ಆಮೇಲೆ ಲೋಟದ ಅಂಚಿನಿಂದ ತಣ್ಣೀರನ್ನು ನೂಲಿನಂತೆ ಇಳಿಸಬೇಕು. ನೀರಿನಂತೆ ತಿಳಿಯಾಗಿದ್ದದ್ದು ನೋಡನೋಡುತ್ತ ಮೋಡವಾಗಿ, ಕೊನೆಗೆ ಹಾಲಾಗುತ್ತಿತ್ತು. ಮಕ್ಕಳಾದ ನಮಗೆ ಅದನ್ನು ನೋಡುವ ಹಕ್ಕು ಮಾತ್ರ. "ನಿಲ್ಲಿ, ಬಿಳಿ ಕೂತ್ಕೊಳ್ಲಿ" ಎಂದು ಅವನು ಎಲ್ಲರ ಕೈ ತಡೆಯುತ್ತಿದ್ದ. ಆ ಕಾಯುವಿಕೆಯಲ್ಲಿ ಊರಿನ ಸುದ್ದಿ, ಸತ್ತವರ ಹೆಸರು, ಬೊಂಬಾಯಿಯ ಸ್ಟೀಮರಿನಲ್ಲಿ ಬಂದ ಕಾಗದದ ಒಕ್ಕಣೆ ಎಲ್ಲವೂ ಹೊರಬರುತ್ತಿದ್ದವು. ಜೊತೆಗೆ ಕೆಂಡದ ಮೇಲೆ ಸುಟ್ಟ ಒಣಮೀನು, ಹಸಿ ಈರುಳ್ಳಿ. ತಾಯಿ ತನ್ನ ಪಾಲನ್ನು ಚಹಾದ ಕಪ್ಪಿನಲ್ಲಿ ತೆಗೆದುಕೊಂಡು, "ನನಗೆ ಹೊಟ್ಟೆನೋವಿಗೆ" ಎನ್ನುತ್ತಿದ್ದಳು. "ಅಕ್ಕನ ಹೊಟ್ಟೆಗೆ ಕ್ಯಾಲೆಂಡರ್ ಗೊತ್ತುಂಟು. ಕ್ರಿಸ್ಮಸ್ಸಿಗೆ ಸರಿಯಾಗಿ ನೋಯ್ತದೆ" ಎಂದು ಮಾಮ ನಗಿಸುತ್ತಿದ್ದ.

ಪಕ್ಕದ ಮನೆ ರಜಾಕ್ ಬ್ಯಾರಿಯವರದು. ಮಂಗಳೂರಿನ ಕಡೆಯವರೇ, ಮಾಮ ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿನ ಸ್ಟೋರಿನಲ್ಲಿ ಗುಮಾಸ್ತರಾಗಿದ್ದರು. ಮಾಲೀಕನಿಗೆ ಮಾಮನ ಪರವಾಗಿ ಮಾತು ಕೊಟ್ಟು ಕೆಲಸ ಕೊಡಿಸಿದವರೂ ಅವರೇ. ನಮ್ಮ ಮನೆಯೊಳಗೆ ಕೊಂಕಣಿ, ಅವರ ಮನೆಯೊಳಗೆ ಬ್ಯಾರಿ ಭಾಷೆ. ನಡುವಿನ ಗೋಡೆಯ ಮೇಲೆ ಮಾತ್ರ ಕನ್ನಡ. ಸಾರಾಯಿ ಇಳಿಸುವ ದಿನ ಅವರ ತಲೆ ಗೋಡೆಯ ಮೇಲೆ ತಪ್ಪದೆ ಮೂಡುತ್ತಿತ್ತು. ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಮಾಮನನ್ನು ಅವರು "ಪೊರ್ಬು" ಎಂದೇ ಕರೆಯುತ್ತಿದ್ದರು.

"ಎಂತ ಪೊರ್ಬುಗಳೇ, ಔಷಧಿ ಕಾಯಿಸುದು ಜೋರುಂಟಲ್ಲ? ಯಾರಿಗೆ ಹುಷಾರಿಲ್ಲ?"

"ನಿಮ್ಮ ಮೂಗಿಗೆ, ಬ್ಯಾರ್ಯರೇ. ದಿನಾ ಗೋಡೆ ಹಾರಿ ಬರ್ತದೆ. ಅದಕ್ಕೆ ಹರಾಮ್ ಇಲ್ವಾ?"

"ಮೂಗಿಗೆ ಎಂತ ಹರಾಮ್ ಮಾರಾಯಾ! ಕುಡೀಲಿಕ್ಕೆ ಬಾಯಿ ಬೇಕು. ಬಾಯಿ ನಾನು ಮನೆಯಲ್ಲಿ ಬಿಟ್ಟು ಬಂದಿದ್ದೇನೆ."

"ಹಾಗಾದ್ರೆ ಈ ಮಾತು ಎಲ್ಲಿಂದ ಬರ್ತಾ ಉಂಟು?"

ರಂಜಾನ್ ತಿಂಗಳಲ್ಲಿ ತಾಯಿ ಪ್ರತಿ ಸಂಜೆ ಅವರ ಮನೆಗೆ ಒಂದು ಜಗ್ಗು ಶರಬತ್ತು ಕಳಿಸುತ್ತಿದ್ದಳು. ಮಾಮ ತಂದ ಸೋಂಪಿನಲ್ಲೇ ಒಂದು ಹಿಡಿ ತೆಗೆದು, ಹಾಲಿನಲ್ಲಿ ಕುದಿಸಿ, ಸಕ್ಕರೆ ಹಾಕಿ ತಣಿಸಿದ್ದು. ಸೂರ್ಯ ಮುಳುಗಿ, ಉಪವಾಸ ಬಿಡುವ ಹೊತ್ತು ಸಾರುವ ತೋಪಿನ ಗುಂಡು ಹಾರಿದೊಡನೆ ಅವರು ಖರ್ಜೂರದೊಡನೆ ಅದನ್ನು ಕುಡಿದು ಉಪವಾಸ ಬಿಡುತ್ತಿದ್ದರು. ಜಗ್ಗು ಎಂದೂ ಬರಿದಾಗಿ ಮರಳುತ್ತಿರಲಿಲ್ಲ. ಪಾತ್ರೆಯನ್ನು ಖಾಲಿ ಕೊಡಬಾರದೆಂಬುದು ಎರಡು ಮನೆಗಳಿಗೂ ಗೊತ್ತಿದ್ದ ಮರ್ಯಾದೆ. ಖರ್ಜೂರವೋ ಅಕ್ಕಿರೊಟ್ಟಿಯಂಥ ಪತ್ತಿರಿಯೋ ಅದರಲ್ಲಿ ಇರುತ್ತಿತ್ತು. ಕೊಂಡೊಯ್ಯುವ ಕೆಲಸ ನನ್ನದು.

ನನ್ನ ಬಾಲ್ಯದಲ್ಲಿ ಕ್ರಿಸ್ಮಸ್ಸು ರಂಜಾನಿನೊಳಗೆ ಬಿದ್ದದ್ದು ಸಾಲಾಗಿ ಮೂರೇ ವರ್ಷ. ಚಾಂದ್ರಮಾನದ ಲೆಕ್ಕ ಹಾಕಿ ಇದನ್ನು ಖಚಿತಪಡಿಸಿಕೊಂಡಿದ್ದೇನೆ. ಆ ಮೂರರಲ್ಲಿ ಒಂದು ಕ್ರಿಸ್ಮಸ್ಸಿನ ಸಂಜೆ ನಾನು ಅಡುಗೆಮನೆಯಲ್ಲಿ ಒಬ್ಬನೇ ಇದ್ದೆ. ತಂದೆ ಮಧ್ಯಾಹ್ನ ಊಟ ಮುಗಿಸಿ ಶಿಫ್ಟಿಗೆ ಹೋಗಿದ್ದರು. ಸಂಜೆಯ ಅತಿಥಿಗಳಿಗೆಂದು ಒಂದು ಜಗ್ಗಿನ ತುಂಬ ಔಷಧಿಗೆ ಮಂಜುಗಡ್ಡೆಯ ನೀರು ಬೆರೆಸಿಟ್ಟು ಮಾಮ ಸ್ನಾನಕ್ಕೆ ಹೋಗಿದ್ದ. ಒಳಗೆ ಸೀರೆ ಉಡುತ್ತಿದ್ದ ತಾಯಿ, "ಪುತಾ, ಜಗ್ಗು ಕೊಟ್ಟು ಬಾ. ತೋಪು ಹೊಡೀಲಿಕ್ಕೆ ಆಯ್ತು" ಎಂದು ಕೂಗಿದಳು. ಮೇಜಿನ ಮೇಲೆ ನೀಲಿ ಅಂಚಿನ ಎರಡು ಎನಾಮಲ್ ಜಗ್ಗುಗಳು. ಎರಡರ ಮೇಲೂ ಮಣಿ ಕಟ್ಟಿದ ಬಟ್ಟೆ. ಎತ್ತಿ ನೋಡಿದೆ: ಎರಡೂ ಬಿಳಿ, ಎರಡರದೂ ಒಂದೇ ಪರಿಮಳ. ಬಾಗಿಲಿಗೆ ಹತ್ತಿರವಿದ್ದದ್ದನ್ನು ಎತ್ತಿಕೊಂಡು ಓಡಿದೆ. ರಜಾಕರ ಹಿರಿಯ ಮಗಳು ಜೋಹರಾ ಬಾಗಿಲಲ್ಲಿ ಅದನ್ನು ಇಸಿದುಕೊಂಡಳು. ಒಳಗೆ ಯಾರೋ ದೊಡ್ಡ ಮನುಷ್ಯರ ದನಿ ಕೇಳುತ್ತಿತ್ತು. ನಾನು ಹಿಂತಿರುಗಿದೆ.

ಮರುದಿನ ಜಗ್ಗು ನಮ್ಮ ಹೊಸ್ತಿಲ ಮೇಲೆ ಬೋರಲಾಗಿ, ಖಾಲಿಯಾಗಿ ಕುಳಿತಿತ್ತು. ಏಕೆಂದು ಕೇಳಿದ್ದಕ್ಕೆ ತಾಯಿ, "ಹಾಲು ಒಡೆದಿತ್ತಂತೆ" ಎಂದಳು. ಆಕೆಯ ಕಣ್ಣುಗಳು ಊದಿಕೊಂಡಿದ್ದವು. ಆಮೇಲಿನ ದಿನಗಳು ನನ್ನ ನೆನಪಿನಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗಿವೆ. ಮಾಮ ಮನೆಯಲ್ಲಿಲ್ಲ ಎಂಬುದು ಮಾತ್ರ ನೆನಪು. ನಾನು ಕೇಳಿದಾಗಲೆಲ್ಲ, "ಅವನು ಅಡ್ವೆಂಟಿಗೆ ಮುಂಚೆಯೇ ಹೋದದ್ದಲ್ವಾ ಪುತಾ? ನೀನು ಮರ್ತದ್ದು. ಊರಲ್ಲಿ ಅವನಿಗೆ ಮದುವೆ ಮಾತುಕತೆ" ಎಂದು ಆಕೆ ಅಷ್ಟು ನಿಶ್ಚಯವಾಗಿ ಹೇಳುತ್ತಿದ್ದುದರಿಂದ, ಆ ಕ್ರಿಸ್ಮಸ್ಸಿನ ಊಟದಿಂದ ನಾನೇ ಮಾಮನನ್ನು ಎಬ್ಬಿಸಿ ಹಿಂದಿನ ವರ್ಷದ ಊಟಕ್ಕೆ ಕೂರಿಸಿಬಿಟ್ಟೆ. ಮದುವೆ ನಡೆಯಲಿಲ್ಲ. ಅವನು ಬೊಂಬಾಯಿಯ ಒಂದು ರಿಪೇರಿ ಶೆಡ್ಡಿನಲ್ಲಿ ದುಡಿದು, ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಸತ್ತ. ಸಾಯುವವರೆಗೂ ಪ್ರತಿ ಕ್ರಿಸ್ಮಸ್ಸಿಗೆ ನನಗೆ ಕಾಗದ ಬರೆಯುತ್ತಿದ್ದ. ಓದಿನ ಬಗ್ಗೆ ಕೇಳುತ್ತಿದ್ದನೇ ಹೊರತು ಬಹ್ರೇನಿನ ಹೆಸರೆತ್ತುತ್ತಿರಲಿಲ್ಲ.

ಪರಿಶೀಲನೆಗೆ ಹೆಚ್ಚು ಕಾಲ ಹಿಡಿಯಲಿಲ್ಲ. ಮೊದಲ ಸಾಕ್ಷಿ ಒಂದು ಫೋಟೋ. ಕ್ರಿಸ್ಮಸ್ಸಿನ ಮಧ್ಯಾಹ್ನದ ಊಟ, ತಂದೆಯೇ ತೆಗೆದದ್ದು. ನಾನು ಪ್ರಥಮ ಪರಮಪ್ರಸಾದಕ್ಕೆ ಹೊಲಿಸಿದ ಬಿಳಿ ಅಂಗಿಯಲ್ಲಿದ್ದೇನೆ. ಆ ಸಂಸ್ಕಾರ ಯಾವ ವರ್ಷ ನಡೆಯಿತೆಂಬುದು ಇಗರ್ಜಿಯ ದಾಖಲೆಯಲ್ಲಿದೆ. ಆದ್ದರಿಂದ ಫೋಟೋ ಆ ಮೂರು ಕ್ರಿಸ್ಮಸ್ಸುಗಳಲ್ಲಿ ಕೊನೆಯದರದು. ಫೋಟೋದ ಎಡ ಅಂಚಿನಲ್ಲಿ, ಚೌಕಟ್ಟಿನೊಳಗೆ ಪೂರ್ತಿ ಬಾರದ ಯಾರದೋ ಕೈ ಲೋಟವೊಂದನ್ನು ಹಿಡಿದಿದೆ. ತಂದೆಯ ಗೆಳೆಯರೊಬ್ಬರ ಕೈ ಎಂದು ತಾಯಿ ಹೇಳಿದ್ದಳು. ಭೂತಗನ್ನಡಿ ಹಿಡಿದು ನೋಡಿದೆ. ತೋರುಬೆರಳಿಗೆ ತುದಿಯಿರಲಿಲ್ಲ. ತಾಯಿಯ ಲೆಕ್ಕದಲ್ಲಿ ಮಾಮ ಊರಿಗೆ ಹೋಗಿ ಆಗಲೇ ತಿಂಗಳು ಕಳೆದಿತ್ತು. ಎರಡನೆಯ ಸಾಕ್ಷಿ, ಮಾಮನ ಪೆಟ್ಟಿಗೆಯೊಡನೆ ನನಗೆ ಬಂದಿದ್ದ ಅವನ ಪಾಸ್‌ಪೋರ್ಟು. ಇಷ್ಟು ವರ್ಷ ಅದನ್ನು ಬಿಡಿಸಿ ನೋಡಿರಲಿಲ್ಲ. ಬಹ್ರೇನಿನಿಂದ ಹೊರಬಿದ್ದ ಮುದ್ರೆ ಆ ಕ್ರಿಸ್ಮಸ್ಸಿನ ಮರುತಿಂಗಳಾದ ಜನವರಿಯದು, ಈದ್ ಕಳೆದ ಮೊದಲ ವಾರದ್ದು. ಮೂರನೆಯ ಸಾಕ್ಷಿ ಬೇಕಿರಲಿಲ್ಲ. ಆದರೂ ವೃತ್ತಿಯ ಚಟ ಬಿಡದು. ಅಥವಾ ಯಾರಾದರೂ ಇದನ್ನು ಅಲ್ಲಗಳೆಯಲಿ ಎಂಬ ಆಸೆಯಿತ್ತೇನೋ. ಜೋಹರಾ ಅವರನ್ನು ಹುಡುಕಿಕೊಂಡು ಹೋದೆ.

ಅವರು ಈಗ ಮನಾಮಾದಲ್ಲಿ ಮಗನ ಅಂಗಡಿಯ ಮೇಲಿನ ಮನೆಯಲ್ಲಿದ್ದಾರೆ. ಮಂಡಿ ನೋವು, ಒಂದು ಕಣ್ಣಿಗೆ ಪೊರೆ. ನನ್ನ ಹೆಸರು ಹೇಳಿದ್ದೇ ತಡ, "ಓ, ಪೊರ್ಬುಗಳ ಅಳಿಯ! ತಲೆಯಲ್ಲಿ ಒಂದು ಕೂದಲೂ ಇಲ್ಲವಲ್ಲ ಮಾರಾಯ್ರೆ" ಎಂದು ನಕ್ಕರು. ಬಂದ ಕಾರಣ ತಿಳಿಸಿದ ಮೇಲೆ ನಗಲಿಲ್ಲ.

"ಈಗ ಯಾಕೆ ಅದೆಲ್ಲ? ಎಲ್ಲರೂ ಹೋಗಿ ಆಯ್ತು."

"ನನಗೆ ತಾರೀಖು ಬೇಕಿತ್ತು, ಅಕ್ಕ."

"ತಾರೀಖು ನನಗೆ ಗೊತ್ತಿಲ್ಲ. ಬಗ್ಗಿಸಿದ್ದು ನಾನು, ಅದು ಗೊತ್ತುಂಟು."

ಆ ಸಂಜೆ ಅವರ ಮನೆಗೆ ಇಫ್ತಾರಿಗೆ ಬಂದಿದ್ದವರು ವರ್ಕ್‌ಶಾಪಿನ ಮಾಲೀಕರು. ಅರಬಾಬ್ ಎಂದೇ ಎಲ್ಲರೂ ಕರೆಯುತ್ತಿದ್ದ ಆ ವೃದ್ಧರು ವರ್ಷಕ್ಕೊಮ್ಮೆ ತಮ್ಮ ಗುಮಾಸ್ತರ ಮನೆಯಲ್ಲಿ ಉಪವಾಸ ಬಿಡುವ ರೂಢಿಯಿಟ್ಟುಕೊಂಡಿದ್ದರು. ಮೊದಲ ಲೋಟ ಅತಿಥಿಗೆ. ಅವರು ಒಂದು ಗುಟುಕು ಕುಡಿದು, ಲೋಟವನ್ನು ಕೆಳಗಿಟ್ಟು, ಹೊರಗೆ ಹೋಗಿ ಬಾಯಿ ಮುಕ್ಕಳಿಸಿ, ಮಾತಿಲ್ಲದೆ ಹೊರಟುಹೋದರು. ಮರುದಿನ ಮೀನಾ ಸಲ್ಮಾನಿನಲ್ಲಿ ಮಾಮನನ್ನು ಕರೆಸಿದರು. ಮಾಮನಿಗೆ ಅಷ್ಟಾಗಿ ಅರಬ್ಬಿ ಬಾರದು. ನಡುವೆ ನಿಂತು ಮಾತು ದಾಟಿಸಬೇಕಾದವರು ರಜಾಕರೇ.

"ಆ ಜಗ್ಗು ಮಗುವಿನ ಕೈಗೆ ಕೊಟ್ಟದ್ದು ಯಾರು ಅಂತ ಅರಬಾಬ್ ಕೇಳಿದ್ರಂತೆ" ಎಂದರು ಜೋಹರಾ. "ನಾನೇ ಕೊಟ್ಟದ್ದು ಅಂತ ನಿಮ್ಮ ಮಾಮ ಹೇಳಿದ್ರಂತೆ. ನಮ್ಮ ತಂದೆ ಅದನ್ನು ದಾಟಿಸ್ಲಿಲ್ಲ. ಕನ್ನಡದಲ್ಲಿ ಬೈದ್ರಂತೆ. ಪೊರ್ಬು, ನಿನಗೆ ಮರುಳಾ? ಮಗು ತಪ್ಪಿ ತಂದದ್ದು ಅಂತ ಹೇಳು, ಮುಗೀತು, ಅಂತ."

"ಮಾಮ ಏನಂದ?"

"ಹುಡುಗ ಇಲ್ಲೇ ಬೆಳೀಬೇಕು, ಬ್ಯಾರ್ಯರೇ. ನೋಂಬು ಬಿಡುವವರಿಗೆ ಸಾರಾಯಿ ಕೊಟ್ಟವ ಅಂತ ನಾಳೆ ಯಾರೂ ಅವನನ್ನು ತೋರಿಸುದು ಬೇಡ. ನಾನು ಹೇಳಿದ್ದನ್ನೇ ಹೇಳಿ, ಅಂದ್ರಂತೆ." ಜೋಹರಾ ಮಂಡಿ ನೀವಿಕೊಂಡರು. "ನಮ್ಮ ತಂದೆ ಹೇಳಿದ್ರು. ಅವರ ಬಾಯಿಂದಲೇ ಹೇಳಬೇಕಾಯ್ತು. ಈದ್ ಆದ ಮೇಲಿನ ಸ್ಟೀಮರಿಗೆ ಕಳಿಸಿದ್ರು. ಎಷ್ಟೋ ವರ್ಷ ಕಳೆದು ಅರಬಾಬ್ ತಾವಾಗಿ ಒಂದು ದಿನ ಹೇಳಿದ್ರಂತೆ, ಮಗು ತಪ್ಪಿ ತಂದದ್ದಾಗಿದ್ರೆ ನಾನು ಬಾಯಿ ತೊಳೆದು ನಕ್ಕು ಬಿಡ್ತಿದ್ದೆ, ದೊಡ್ಡವನು ಬೇಕಂತ ಮಾಡಿದ್ದನ್ನು ಹೇಗೆ ಬಿಡುದು ಅಂತ. ಆ ದಿವಸ ನಮ್ಮ ತಂದೆ ಊಟ ಮಾಡ್ಲಿಲ್ಲ."

ಬಂದರಿನ ಕಟ್ಟೆಯಲ್ಲಿ ಇಬ್ಬರೂ ಕೈಹಿಡಿದು ನಿಂತಿದ್ದರಂತೆ. ಹುಡುಗನಿಗೆ ತಿಳಿಯಬಾರದು ಎಂದು ಮಾಮ ಮಾತು ತೆಗೆದುಕೊಂಡನಂತೆ. ನನ್ನ ತಾಯಿ, ತಂದೆ, ರಜಾಕ್ ಬ್ಯಾರಿ, ಅವರ ಹೆಂಡತಿ, ಜೋಹರಾ, ಇಷ್ಟು ಮಂದಿ, ಎರಡು ಮನೆಗಳು, ಇಷ್ಟು ವರ್ಷ ಆ ಮಾತನ್ನು ಕಾಪಾಡಿದರು. ತಾಯಿ ಅದಕ್ಕೆಂದೇ ಒಂದು ತಿಂಗಳನ್ನು ಕಟ್ಟಿದಳು. ಅದು ಕುಸಿಯದಂತೆ ಪ್ರತಿ ಬಾರಿಯೂ ಅದೇ ಪದಗಳಲ್ಲಿ ಹೇಳಿದಳು. ಸುಳ್ಳು ತಾರೀಖುಗಳನ್ನು ಹಿಡಿಯುವುದರಲ್ಲೇ ಆಯುಷ್ಯ ಕಳೆದ ನಾನು ಅದೊಂದನ್ನು ಹಿಡಿಯದೆ ಅದರ ನೆರಳಿನಲ್ಲಿ ಬೆಳೆದೆ, ಓದಿದೆ, ಇದೇ ದ್ವೀಪದಲ್ಲಿ ಮಗಳನ್ನು ಬೆಳೆಸಿದೆ.

ಮನೆಗೆ ಬಂದಾಗ ಮಗಳು ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಳು. "ಪಪ್ಪಾ, ಜೋಕಿಂ ಮಾಮ ಹೋಗಿದ್ದು ಕನ್ಫರ್ಮ್ ಆಯ್ತಾ?"

"ಆಯ್ತು. ನವೆಂಬರ್. ಅಜ್ಜಿ ಹೇಳಿದ್ದೇ ಸರಿ."

ನನ್ನ ಮಾತನ್ನು ಅವಳು ಮರುಪರೀಕ್ಷೆ ಮಾಡುವವಳಲ್ಲ. ತಾರೀಖಿನ ವಿಷಯದಲ್ಲಿ ಅಪ್ಪ ತಪ್ಪುವುದಿಲ್ಲವೆಂದು ಅವಳ ನಂಬಿಕೆ. ಅವಳಿಗೆ ಕನ್ನಡ ಓದಲು ಬಾರದು. ಅದಕ್ಕೇ ಇದನ್ನು ಇಲ್ಲಿ ಬರೆದೆ. ನಿಜ ಹೇಳಿದ್ದರೆ ಅವಳು ಎದ್ದು ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, "ನೀವು ಆಗ ಮಗು ಅಲ್ವಾ ಪಪ್ಪಾ" ಎನ್ನುತ್ತಿದ್ದಳು. ಮೀನಾ ಸಲ್ಮಾನಿನಲ್ಲಿ ಆ ದಿನ ಮಾಮ ಹೇಳಲೊಲ್ಲದೆ ನುಂಗಿದ್ದು ಅದೇ ಮಾತನ್ನು. ಅವನನ್ನು ಉಳಿಸಬಹುದಾಗಿದ್ದ ಮಾತಿನಿಂದ ನಾನು ಸಮಾಧಾನ ಪಡೆಯಲಾರೆ. ಪರದೆಯ ಮೇಲೆ ಅವಳು ಅವನ ಹೆಸರಿನ ಮುಂದೆ ನವೆಂಬರ್ ಎಂದು ಒತ್ತುವುದನ್ನು ನಿಂತು ನೋಡಿದೆ. ಆ ಒಂದು ಸಾಲಿನಲ್ಲಾದರೂ ಜೋಕಿಂ ಮಾಮ ಯಾರೂ ಹೊರಗೆ ಹಾಕಿದವನಲ್ಲ. ಹಬ್ಬಕ್ಕೆ ಮುಂಚೆ, ಮದುವೆಯ ಮಾತುಕತೆಗೆಂದು, ತನ್ನ ಇಷ್ಟದಿಂದ ಊರಿಗೆ ಹೊರಟವನು.